ಘಟ್ಟದ ಕೆಳಗಿನ ಮಳೆಗೆ ಕಟ್ಟುವ ಗಂಟು

ತುಮಕೂರಿನವರು ಮಂಗಳೂರಿಗೆ ಹೋಗಬೇಕಾದರೆ ಹಿಡಿಯತಕ್ಕ ದಾರಿಗಳು ಎರಡು. ನಗರದಿಂದ ಪಶ್ಚಿಮಾಭಿಮುಖವಾಗಿ ಹೊರಟು ಗುಬ್ಬಿ, ತಿಪಟೂರು, ಅರಸೀಕೆರೆಗಳ ತೆಂಗಿನ ತೋಟಗಳ ನಡುವೆ ಸಾಗಿ, ಬೇಲೂರು ಮೂಡಿಗೆರೆಗಳನ್ನು ಹಾದು, ಚಾರ್ಮಾಡಿಯ ತಿರುವುಗಳಲ್ಲಿ ಘಟ್ಟವನ್ನಿಳಿಯುವ 73ನೆಯ ರಾಷ್ಟ್ರೀಯ ಹೆದ್ದಾರಿ ಒಂದು; ದಕ್ಷಿಣಕ್ಕೆ ತಿರುಗಿ ಕುಣಿಗಲನ್ನು ಸೇರಿ, ಅಲ್ಲಿಂದ ಹಾಸನ ಸಕಲೇಶಪುರಗಳ ಮೂಲಕ ಶಿರಾಡಿಯನ್ನಿಳಿಯುವ 75ನೆಯ ಹೆದ್ದಾರಿ ಇನ್ನೊಂದು. ಎರಡೂ ಬಂಟ್ವಾಳದ ಬಳಿ ಕೂಡಿಕೊಂಡು ಒಂದಾಗಿ ಮಂಗಳೂರನ್ನು ಪ್ರವೇಶಿಸುತ್ತವೆ. ಯಾವುದನ್ನು ಹಿಡಿದರೂ ದೂರ ಸುಮಾರು 300 ಕಿ.ಮೀ. ಇಷ್ಟು ಅಲ್ಪಾವಕಾಶದಲ್ಲಿ ಸಮುದ್ರಮಟ್ಟದಿಂದ 800 ಮೀಟರಿನಷ್ಟು ಎತ್ತರದಲ್ಲಿರುವ ಬಯಲು ಮುಗಿದು ಸಮುದ್ರವೇ ಬಂದುಬಿಡುತ್ತದೆ. ಆಷಾಢದಲ್ಲಿ ಈ ದಾರಿ ಹಿಡಿದವನು, ರಾಗಿ ಬಿತ್ತುವುದಕ್ಕೆ ಒಂದು ಹದಮಳೆಯನ್ನು ಕಾಯುತ್ತ ಕುಳಿತ ಹೊಲಗಳ ನಡುವೆ ಬೆಳಗ್ಗೆ ಹೊರಟು, ಅಪರಾಹ್ನದ ಹೊತ್ತಿಗೆ ಗದ್ದೆಯಾವುದು ಹೊಳೆಯಾವುದು ಎಂದು ಗೊತ್ತಾಗದಂತೆ ನೀರು ನಿಂತ ನಾಡಿನಲ್ಲಿ ಕಾಲಿಡುತ್ತಾನೆ. ಹೀಗೆ ಒಂದೇ ಹಗಲಿನಲ್ಲಿ ಎರಡು ಹವೆಗಳನ್ನು ದಾಟುವವನ ಪೆಟ್ಟಿಗೆಯಲ್ಲಿ ಏನಿರಬೇಕು, ಏನಿರಬಾರದು ಎಂಬುದು ಮೇಲ್ನೋಟಕ್ಕೆ ಕಾಣುವಷ್ಟು ಕ್ಷುಲ್ಲಕವಾದ ವಿಚಾರವಲ್ಲ.

ಮಳೆಗಾಲದಲ್ಲಿ ಅಲ್ಲಿಗೆ ಹೋಗುವವರಾದರೂ ಯಾರು ಎಂದು ಕೇಳಬಹುದು. ಧರ್ಮಸ್ಥಳ, ಕುಕ್ಕೆ, ಕಟೀಲುಗಳಿಗೆ ಹರಕೆ ಹೊತ್ತವರು ಋತುವನ್ನು ನೋಡುವುದಿಲ್ಲ. ಸುರತ್ಕಲ್ಲಿನ ಎಂಜಿನಿಯರಿಂಗ್ ಕಾಲೇಜು 1960ರಲ್ಲಿ ತೆರೆದಂದಿನಿಂದ, ಮಂಗಳೂರಿನ ವೈದ್ಯಕೀಯ ವಿದ್ಯಾಲಯಗಳು ಪ್ರಸಿದ್ಧಿಗೆ ಬಂದಂದಿನಿಂದ, ನಮ್ಮ ಜಿಲ್ಲೆಯ ಹುಡುಗ ಹುಡುಗಿಯರು ವರ್ಷವರ್ಷವೂ ಆ ದಿಕ್ಕಿಗೆ ಹೋಗುತ್ತಲೇ ಇದ್ದಾರೆ. ಮತ್ತು ನಮ್ಮ ದೇಶದ ವಿದ್ಯಾಸಂಸ್ಥೆಗಳು ಬಾಗಿಲು ತೆರೆಯುವ ಕಾಲವೂ ಮುಂಗಾರು ಮೈದುಂಬುವ ಕಾಲವೂ ಯಾವ ಜೋಯಿಸರ ಸಲಹೆಯಿಂದಲೋ ಒಂದೇ ಆಗಿವೆ. ಇವರಲ್ಲದೆ ಚಿಕಿತ್ಸೆಗೆ ಹೋಗುವವರು, ಉದ್ಯೋಗಕ್ಕೆ ಸಂದರ್ಶನಕ್ಕೆ ಹೋಗುವವರು, ಮಳೆಯನ್ನೇ ನೋಡಬೇಕೆಂದು ಹೋಗುವವರು, ಇವರೆಲ್ಲ ಸೇರಿದರೆ ಸಂಖ್ಯೆ ಸಣ್ಣದಲ್ಲ. ಇವರ ಪೆಟ್ಟಿಗೆಗಳನ್ನು ಬಿಚ್ಚಿ ನೋಡಿದರೆ ಎಲ್ಲವುಗಳಲ್ಲಿಯೂ ಪ್ರಾಯಃ ಒಂದೇ ಬಗೆಯ ಸಾಮಗ್ರಿ: ಎರಡು ದಪ್ಪನೆಯ ಸ್ವೆಟರು, ಕಿವಿ ಮುಚ್ಚುವ ಟೋಪಿ, ಜೀನ್ಸ್ ಪ್ಯಾಂಟು, ಒಂದು ಭರ್ಜರಿ ಟರ್ಕಿ ಟವೆಲು, ಹೊಳೆಯುವ ಚರ್ಮದ ಬೂಟು. ಗುಬ್ಬಿಯ ಬಸ್ ನಿಲ್ದಾಣದಲ್ಲಿ ಮಗನನ್ನು ಕಳಿಸಲು ಬಂದ ತಾಯಿ, “ಅಲ್ಲಿ ಬರೀ ಮಳೆಯಂತೆ ಕಣಪ್ಪ, ಸ್ವೆಟರ್ ಮೇಲ್ಗಡೇನೇ ಇಟ್ಟಿದೀನಿ, ಹಾಕ್ಕೊ” ಎಂದು ಹೇಳುವುದು ಸ್ವಾಭಾವಿಕ. ಆ ಮಗ ಮಂಗಳೂರಿನಲ್ಲಿಳಿದು ಸ್ವೆಟರು ತೊಟ್ಟು ಬೆವರುತ್ತ ನಿಂತಾಗ, ಅಂಗಡಿಯವರು “ಚಳಿ ಎಲ್ಲುಂಟು ಮಾರಾಯ್ರೇ, ಇದು ಸೆಕೆ ಅಲ್ವಾ?” ಎಂದು ನಗುವುದೂ ಅಷ್ಟೇ ಸ್ವಾಭಾವಿಕ.

ತಪ್ಪು ತಾಯಿಯದಲ್ಲ, ಆಕೆಗೆ ತಿಳಿದಿರುವ ಮಳೆಯ ಸ್ವಭಾವವೇ ಬೇರೆ. ತುಮಕೂರು ಸೀಮೆಯಲ್ಲಿ ಇಡೀ ವರ್ಷಕ್ಕೆ ಬೀಳುವ ಮಳೆ 600ರಿಂದ 700 ಮಿ.ಮೀ. ಆಸುಪಾಸು, ಅದರಲ್ಲಿಯೂ ದೊಡ್ಡ ಪಾಲು ಬರುವುದು ಮುಂಗಾರಿನ ಭರದಲ್ಲಲ್ಲ, ಸೆಪ್ಟೆಂಬರು ಅಕ್ಟೋಬರುಗಳಲ್ಲಿ. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿ.ಮೀ. ಮೀರಿ ಮಳೆಯಾಗುತ್ತದೆ, ಜುಲೈ ತಿಂಗಳೊಂದರಲ್ಲಿಯೇ ಸುಮಾರು 1,000 ಮಿ.ಮೀ. ಸುರಿಯುತ್ತದೆ. ಎಂದರೆ ಕುಣಿಗಲ್ ಕೆರೆಯ ಸುತ್ತಮುತ್ತ ಹನ್ನೆರಡು ತಿಂಗಳು ಕಾದು ಪಡೆಯುವ ನೀರು ಮಂಗಳೂರಿನ ಬೀದಿಗಳ ಮೇಲೆ ಒಂದು ತಿಂಗಳು ತುಂಬುವುದರೊಳಗಾಗಿ ಬಿದ್ದು, ಹರಿದು, ಸಮುದ್ರಕ್ಕೆ ಸೇರಿಬಿಟ್ಟಿರುತ್ತದೆ. ಇದಕ್ಕೆ ಕಾರಣವಾದುದು ನಡುವೆ ಅಡ್ಡಗಟ್ಟಿ ನಿಂತಿರುವ ಸಹ್ಯಾದ್ರಿ. ಅರಬ್ಬೀ ಸಮುದ್ರದ ಮೇಲಿಂದ ನೀರಾವಿಯನ್ನು ಹೊತ್ತು ಬರುವ ನೈರುತ್ಯ ಮಾರುತ ಈ ಗೋಡೆಗೆ ತಾಗಿ ಮೇಲೇರಬೇಕಾಗುತ್ತದೆ, ಮೇಲೇರಿದಂತೆ ತಣಿಯುತ್ತದೆ, ತಣಿದ ಗಾಳಿ ಅಷ್ಟೊಂದು ಆವಿಯನ್ನು ಧರಿಸಲಾರದೆ ಅದನ್ನು ಕರಾವಳಿಯ ಮೇಲೂ ಘಟ್ಟದ ನೆತ್ತಿಯ ಮೇಲೂ ಸುರಿದು, ಬರಿದಾಗಿ ಪೂರ್ವದ ಕಡೆಗೆ ಇಳಿಯುತ್ತದೆ. ಗುಬ್ಬಿಯ ಆಕಾಶದಲ್ಲಿ ಜುಲೈ ತಿಂಗಳಲ್ಲಿ ಪಡುವಣದಿಂದ ಓಡೋಡಿ ಬಂದು ಒಂದು ಹನಿಯನ್ನೂ ಉದುರಿಸದೆ ಹೋಗುವ ಮೋಡಗಳು ಹೀಗೆ ಋಣ ತೀರಿಸಿ ಬಂದವುಗಳು.

ಬಯಲುಸೀಮೆಯ ಮಳೆ ಸಾಮಾನ್ಯವಾಗಿ ಸಂಜೆಯ ಗುಡುಗು ಸಿಡಿಲುಗಳೊಡನೆ ಬಂದು, ಹಠಾತ್ತಾಗಿ ಗಾಳಿಯನ್ನು ತಣ್ಣಗೆ ಮಾಡಿ, ಹೊರಟುಹೋಗುವ ಮಳೆ. ಆದುದರಿಂದ ಮಳೆಯೆಂದರೆ ಚಳಿ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಆದರೆ ಮರುದಿನ ಬೆಳಗ್ಗೆ ಬಿಸಿಲು ಬರುತ್ತದೆ. ನೆನೆದ ಪಂಚೆ ಹಿತ್ತಿಲಿನ ಹಗ್ಗದ ಮೇಲೆ ಗಂಟೆಯೊಳಗೆ ಒಣಗುತ್ತದೆ. ನೆನೆದದ್ದು ನೆನಪಿನಲ್ಲಿಯೂ ಉಳಿಯುವುದಿಲ್ಲ. ಕರಾವಳಿಯ ಮಳೆ ಇದಕ್ಕೆ ಪೂರ್ಣ ವಿಪರೀತ. ಪಕ್ಕದಲ್ಲಿಯೇ ಇರುವ ಬೆಚ್ಚನೆಯ ಸಮುದ್ರ ಅಲ್ಲಿಯ ಉಷ್ಣಾಂಶವನ್ನು ಜುಲೈ ತಿಂಗಳಲ್ಲಿಯೂ 23 ಡಿಗ್ರಿಯ ಕೆಳಗೆ ಸುಲಭವಾಗಿ ಇಳಿಯಗೊಡುವುದಿಲ್ಲ. ಹಗಲಿನಲ್ಲಿ 28, 29 ಡಿಗ್ರಿಗಳು ಸಾಮಾನ್ಯ. ಅದೇ ಸಮಯದಲ್ಲಿ ಗಾಳಿ ತಾನು ಹಿಡಿದಿಟ್ಟುಕೊಳ್ಳಬಲ್ಲ ನೀರಾವಿಯ ನೂರರಲ್ಲಿ ತೊಂಬತ್ತು ಪಾಲನ್ನು ಆಗಲೇ ಹಿಡಿದುಕೊಂಡಿರುತ್ತದೆ. ಒದ್ದೆ ಬಟ್ಟೆಯಿಂದ ನೀರು ಹೊರಡಬೇಕಾದರೆ ಅದಕ್ಕೆ ಗಾಳಿಯಲ್ಲಿ ಸ್ಥಳ ಬೇಕು. ಸ್ಥಳವಿಲ್ಲದ ಮೇಲೆ ಎರಡು ಹಗಲು ಹಗ್ಗದ ಮೇಲೆ ತೂಗಿದರೂ ಅಂಗಿಯ ಕೊರಳಪಟ್ಟಿ ಹಸಿಯಾಗಿಯೇ ಇರುತ್ತದೆ. ಮೈಯಿಂದ ಹೊರಟ ಬೆವರಿನ ಗತಿಯೂ ಇದೇ.

ಆದುದರಿಂದ, ಕರಾವಳಿಯ ಮಳೆಗೆ ಗಂಟು ಕಟ್ಟುವವನು ‘ನೆನೆಯದಿರುವುದು ಹೇಗೆ’ ಎಂಬ ಪ್ರಶ್ನೆಯನ್ನು ಬದಿಗಿಟ್ಟು ‘ನೆನೆದದ್ದನ್ನು ಒಣಗಿಸಿಕೊಳ್ಳುವುದು ಹೇಗೆ’ ಎಂಬ ಪ್ರಶ್ನೆಯಿಂದ ಆರಂಭಿಸಬೇಕೆಂಬುದು ನನ್ನ ಅಭಿಪ್ರಾಯ. ಅಲ್ಲಿ ನೆನೆಯುವುದು ನಿಶ್ಚಯ. ಮಂಗಳೂರಿನ ಹಂಪನಕಟ್ಟೆಯ ಒಂದು ಬದಿಯಿಂದ ಇನ್ನೊಂದು ಬದಿಗೆ ದಾಟುವುದರಲ್ಲಿ ಕೊಡೆ ಹಿಡಿದವನ ಮೊಣಕಾಲಿನ ಕೆಳಗಿನ ಭಾಗ ನೀರಿನ ಪಾಲಾಗಿರುತ್ತದೆ. ಗಾಳಿ ಬೀಸಿದಾಗ ಮಳೆ ಮೇಲಿನಿಂದ ಬೀಳದೆ ಎದುರಿನಿಂದ ಬರುತ್ತದೆ. ಅಲ್ಲಿಯ ಜನ ಇದನ್ನು ಒಂದು ವಿಪತ್ತೆಂದು ಎಣಿಸದೆ ನೆನೆದು, ಒರಸಿಕೊಂಡು, ತಮ್ಮ ಕೆಲಸಕ್ಕೆ ಹೋಗುತ್ತಾರೆ. ಬೇಗ ಒಣಗುವುದು ಯಾವುದೋ ಅದು ಪೆಟ್ಟಿಗೆಯೊಳಕ್ಕೆ. ತಡವಾಗಿ ಒಣಗುವುದು ಮನೆಯಲ್ಲಿಯೇ. ಈ ಒಂದು ನಿಯಮವನ್ನು ಹಿಡಿದು ಹೊರಟರೆ ಉಳಿದುದೆಲ್ಲ ತಾನಾಗಿ ತೀರ್ಮಾನವಾಗುತ್ತದೆ.

ಈ ನಿಯಮದ ಮುಂದೆ ಮೊದಲು ಬೀಳುವುದು ಜೀನ್ಸ್ ಪ್ಯಾಂಟು. ಅದರ ದಪ್ಪ ನೂಲು ಕುಡಿದ ನೀರನ್ನು ಜುಲೈ ತಿಂಗಳಲ್ಲಿ ಮೂರು ದಿನವಾದರೂ ಬಿಟ್ಟುಕೊಡುವುದಿಲ್ಲ. ಅದರ ಸೊಂಟದ ಪಟ್ಟಿಯಿಂದ ಹೊರಡುವ ಮುಗ್ಗುವಾಸನೆಯಂತೂ ಕೋಣೆಯನ್ನೇ ತುಂಬುತ್ತದೆ. ಹತ್ತಿಯ ನೂಲು ಸಾಧಾರಣ ಹವೆಯಲ್ಲಿಯೇ ತನ್ನ ತೂಕದ ನೂರರಲ್ಲಿ ಎಂಟೂವರೆ ಪಾಲಿನಷ್ಟು ತೇವವನ್ನು ಹೀರಿ ಇಟ್ಟುಕೊಂಡಿರುತ್ತದೆ. ಪಾಲಿಯೆಸ್ಟರ್ ನೂಲು ಅರ್ಧ ಪಾಲನ್ನೂ ಹೀರದು. ಹಾಗೆಂದು ಪಾಲಿಯೆಸ್ಟರನ್ನೇ ಉಟ್ಟು ಹೋಗಿರೆಂದು ನಾನು ಹೇಳಲಾರೆ, ಏಕೆಂದರೆ ಅದು ಬೆವರನ್ನೂ ಹೀರುವುದಿಲ್ಲವಾಗಿ ಆ ಸೆಕೆಯಲ್ಲಿ ಮೈಗೆ ಅಂಟಿಕೊಂಡು ಪ್ರಾಣವನ್ನು ಹಿಂಡುತ್ತದೆ. ಎರಡೂ ಬೆರೆತ ತೆಳುವಾದ ಬಟ್ಟೆ ಪ್ಯಾಂಟಿಗೂ ಸೀರೆಗೂ ಚೂಡಿದಾರಕ್ಕೂ ಅನುಕೂಲ. ಶುದ್ಧ ಹತ್ತಿಯೇ ಬೇಕೆಂಬ ವ್ರತವುಳ್ಳವರು ತೆಳುವಾದ ಮಲ್ಲಿನ ಪಂಚೆಯನ್ನೂ, ಅಂಚು ಭಾರವಿಲ್ಲದ ಸೀರೆಯನ್ನೂ ಆರಿಸಿಕೊಳ್ಳಬಹುದು. ಮಂಗಳೂರಿನ ಗಂಡಸರು ಮಳೆಗಾಲದಲ್ಲಿ ಪಂಚೆ ಲುಂಗಿಗಳನ್ನು ಮೊಣಕಾಲಿನವರೆಗೆ ಮಡಿಸಿ ಕಟ್ಟಿ ನಡೆಯುವುದನ್ನು ನೋಡಿ ನಮ್ಮ ಕಡೆಯವರು ಒಮ್ಮೊಮ್ಮೆ ಹುಬ್ಬೇರಿಸುತ್ತಾರೆ. ಆದರೆ ತೋಯ್ದ ಬಟ್ಟೆಗಿಂತ ತೋಯ್ದ ಚರ್ಮವನ್ನು ಒರಸುವುದು ಸುಲಭ ಎಂಬ ತತ್ತ್ವವನ್ನು ಅವರು ಬಹುಕಾಲದಿಂದ ಬಲ್ಲರು. ಬಿಳಿಯ ಬಟ್ಟೆಯ ವಿಷಯದಲ್ಲಿ ಮಾತ್ರ ಎಚ್ಚರವಿರಲಿ: ಆ ನಾಡಿನ ಕೆಂಪುಕಲ್ಲಿನ ಮಣ್ಣು ಒಮ್ಮೆ ಸಿಡಿದು ಹತ್ತಿಕೊಂಡರೆ ತುಮಕೂರಿನ ಯಾವ ಸಾಬೂನೂ ಅದನ್ನು ಪೂರ್ತಿಯಾಗಿ ಬಿಡಿಸಲಾರದು.

ಒಳ ಉಡುಪುಗಳನ್ನು ಎಣಿಕೆಗಿಂತ ಎರಡು ಪಟ್ಟು ಒಯ್ಯಬೇಕು; ಇದರಲ್ಲಿ ಸಂಕೋಚಕ್ಕೆ ಎಡೆಯಿಲ್ಲ. ಇನ್ನು ಟವೆಲಿನ ಮಾತು. ಟರ್ಕಿ ಟವೆಲು ಒಂದು ಸಲ ಮೈ ಒರಸಿಕೊಂಡ ಮೇಲೆ ಆ ವಾರವಿಡೀ ಒಣಗುವುದಿಲ್ಲವೆಂದು ಹೇಳಿದರೆ ಅತಿಶಯೋಕ್ತಿಯೆಂದು ಯಾರೂ ಭಾವಿಸಬಾರದು. ಅದಕ್ಕೆ ಪ್ರತಿಯಾಗಿ ಕರಾವಳಿಯವರು ಉಪಯೋಗಿಸುವುದು ಬೈರಾಸು: ಕೈಮಗ್ಗದ ತೆಳ್ಳನೆಯ, ಬಹುಧಾ ಚೌಕುಳಿಯ, ಹೆಗಲ ಮೇಲೆ ಹಾಕಿಕೊಂಡರೆ ಭಾರವೇ ತಿಳಿಯದ ವಸ್ತ್ರ. ಹಿಂಡಿ ಎರಡು ಸಲ ಕೊಡವಿ ಫ್ಯಾನಿನ ಕೆಳಗೆ ಹರಡಿದರೆ ರಾತ್ರಿ ಕಳೆಯುವುದರೊಳಗೆ ಅದು ಉಪಯೋಗಕ್ಕೆ ಬರುತ್ತದೆ. ನಮ್ಮ ರೈತರ ಹೆಗಲ ಮೇಲಿನ ತೆಳು ಟವೆಲೂ ಇದೇ ಜಾತಿಗೆ ಸೇರಿದ್ದು. ಮದುವೆಯಲ್ಲಿ ಉಡುಗೊರೆಯಾಗಿ ಬಂದ ದಪ್ಪ ಟವೆಲನ್ನು ಬಿಟ್ಟು ಅಂಥವೆರಡನ್ನು ಮಡಿಸಿ ಇಟ್ಟುಕೊಂಡವನು ಜಾಣ. ಜೊತೆಗೆ ನಾಲ್ಕು ಮಾರು ನೈಲಾನ್ ಹಗ್ಗ, ಹತ್ತು ಹನ್ನೆರಡು ಕ್ಲಿಪ್ಪುಗಳು. ಹೋಟೆಲಿನವರೂ ಹಾಸ್ಟೆಲಿನವರೂ ಒದಗಿಸುವ ಹಗ್ಗದ ಮೇಲೆ ನಿಮ್ಮ ಬಟ್ಟೆಗೆ ಸ್ಥಳ ದೊರೆಯುವುದೆಂಬ ಭರವಸೆ ಬೇಡ. ಬೆಚ್ಚನೆಯ ಬಟ್ಟೆಯನ್ನು ಸರ್ವಥಾ ಬಿಡಬೇಕೆಂದಲ್ಲ. ಮೂಡಿಗೆರೆಯಲ್ಲಿಯೋ ಸಕಲೇಶಪುರದಲ್ಲಿಯೋ ಬಸ್ಸು ನಿಂತಾಗ, ಮಂಜು ಕವಿದ ಆ ಎತ್ತರದಲ್ಲಿ ಒಂದು ತೆಳುವಾದ ಶಾಲು ಬೇಕೆನಿಸುತ್ತದೆ. ಅದನ್ನು ಪೆಟ್ಟಿಗೆಯ ತಳದಲ್ಲಿಡದೆ ಕೈಚೀಲದಲ್ಲಿ ಇಟ್ಟುಕೊಂಡರೆ ಸಾಕು. ಘಟ್ಟ ಇಳಿದ ಮೇಲೆ ಅದರ ಕೆಲಸ ಮುಗಿಯಿತು.

ಮಳೆಯನ್ನು ತಡೆಯುವ ಸಾಧನಗಳಲ್ಲಿ ಒಂದೊಂದು ನಾಡಿಗೂ ತನ್ನದೇ ಆದ ವಿವೇಕವುಂಟು. ಶಿರಾ, ಚಳ್ಳಕೆರೆಗಳ ಕಡೆಯ ಕುರಿಗಾಹಿಗಳ ಕರಿಯ ಕಂಬಳಿ ಹುಣಿಸೇಬೀಜದ ಗಂಜಿ ಕುಡಿದು ಬಿರುಸಾಗಿರುತ್ತದೆ. ಕೊಪ್ಪೆಯಾಗಿ ತಲೆಯ ಮೇಲೆ ಹೊದ್ದರೆ ಅಡ್ಡಮಳೆಯೊಂದನ್ನು ತಡೆದುಕೊಂಡು ಒಳಗಿನವನನ್ನು ಬೆಚ್ಚಗಿಡುತ್ತದೆ. ಬಯಲಿನ ತಣ್ಣನೆಯ ಗಾಳಿಮಳೆಗೆ ಅದು ಅನುರೂಪವಾದದ್ದು. ಆದರೆ ದಿನವಿಡೀ ಸುರಿಯುವ ಮಳೆಯಲ್ಲಿ ನೆನೆದು ತೂಕವೇರಿದ ಕಂಬಳಿಯನ್ನು ಹೊತ್ತು ಗದ್ದೆಯಲ್ಲಿ ಬಗ್ಗಿ ನೇಜಿ ನೆಡುವುದು ಸಾಧ್ಯವಿಲ್ಲ. ಅಲ್ಲಿ ಹುಟ್ಟಿಕೊಂಡದ್ದು ಓಲೆಗಳಿಂದ ಹೆಣೆದ ಗೊರಬು: ತಲೆಯಿಂದ ಸೊಂಟದವರೆಗೆ ಬೆನ್ನನ್ನು ಮಾತ್ರ ಮುಚ್ಚಿ, ಎರಡು ಕೈಗಳನ್ನೂ ಬಿಡುವಾಗಿಟ್ಟು, ಮುಂಭಾಗದಲ್ಲಿ ಗಾಳಿಯಾಡಲು ಅವಕಾಶ ಕೊಡುವ ಕವಚ. ಅಡಿಕೆ ಹಾಳೆಯ ಟೋಪಿಯಾದ ಮುಟ್ಟಾಳೆಯೂ ಓಲೆಯ ಕೊಡೆಯೂ ಇದರ ಬಂಧುಗಳು. ಆಟಿ ತಿಂಗಳಲ್ಲಿ, ಎಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ಮನೆಮನೆಗೆ ಬಂದು ಮಾರಿ ಕಳೆಯುವ ಆಟಿ ಕಳೆಂಜನ ಕೈಯಲ್ಲಿ ಆ ಓಲೆಗೊಡೆಯನ್ನು ಈಗಲೂ ಕಾಣಬಹುದು. ಈ ವಸ್ತುಗಳು ನೂಲನ್ನು ಬಿಟ್ಟು ಎಲೆಯಿಂದಾದವುಗಳು. ನೀರು ಅವುಗಳ ಮೇಲೆ ನಿಲ್ಲುವುದಿಲ್ಲ, ಕೊಡವಿದರೆ ಒಣಗಿದ ಹಾಗೆಯೇ.

ಇಂದಿನ ಪ್ರಯಾಣಿಕ ಗೊರಬು ಹೊದ್ದು ಬಸ್ಸು ಹತ್ತಲಾರ. ಆದರೆ ಅದು ಕಲಿಸುವ ಪಾಠವನ್ನು ಅವನು ರೇನ್‌ಕೋಟಿನ ಅಂಗಡಿಗೆ ಒಯ್ಯಬಹುದು. ಮೈಯೆಲ್ಲ ಬಿಗಿದು ಮುಚ್ಚುವ ರೇನ್‌ಕೋಟು ಹೊರಗಿನ ಮಳೆಯನ್ನು ತಡೆದು ಒಳಗೆ ಬೆವರಿನ ಮಳೆಯನ್ನು ಸುರಿಸುತ್ತದೆ. ಸ್ಕೂಟರು ಬೈಕುಗಳವರಿಗೆ ಅದು ಅನಿವಾರ್ಯ. ಅವರು ಮೇಲಂಗಿ ಪ್ಯಾಂಟು ಬೇರೆಬೇರೆಯಾಗಿರುವುದನ್ನೂ, ಬೆನ್ನಿನ ಹತ್ತಿರ ಗಾಳಿ ಹೋಗಲು ಕಂಡಿಯಿರುವುದನ್ನೂ ಕೊಳ್ಳಲಿ. ನಡೆಯುವವರಿಗೆ ಕೊಡೆಯೇ ಉತ್ತಮ, ಅದೂ ಉದ್ದನೆಯ ಗಟ್ಟಿ ಕಾವಿನ ಕೊಡೆ. ಮೂರು ಮಡಿಕೆಯ ಪುಟ್ಟ ಛತ್ರಿ ನಮ್ಮ ಊರಿನ ಬಿಸಿಲಿಗೆ ಒಳ್ಳೆಯದು. ಪಣಂಬೂರಿನ ಕಡೆಯಿಂದ ಒಂದು ಸಲ ಗಾಳಿ ಎದ್ದರೆ ಅದರ ಕಡ್ಡಿಗಳು ಮೇಲ್ಮುಖವಾಗಿ ತಿರುಗಿ ಹಿಡಿದವನ ಮಾನವನ್ನು ಬೀದಿಯಲ್ಲಿ ಹರಾಜು ಹಾಕುತ್ತವೆ. ಕೊಡೆಯನ್ನು ತುಮಕೂರಿನಲ್ಲಿ ಕೊಂಡು ಹೊತ್ತೊಯ್ಯುವುದಕ್ಕಿಂತ ಮಂಗಳೂರಿನಲ್ಲಿಯೇ ಕೊಳ್ಳುವುದು ಲೇಸು ಎಂಬುದೂ ನನ್ನ ಮತ. ದಿನವೂ ಕೊಡೆಯನ್ನು ನಂಬಿ ಬದುಕುವ ಊರಿನಲ್ಲಿ ಕೆಟ್ಟ ಕೊಡೆಯನ್ನು ಮಾರುವುದು ಕಷ್ಟ.

ಪಾದರಕ್ಷೆಯ ವಿಷಯದಲ್ಲಿ ಆಯ್ಕೆ ಇನ್ನೂ ಕಿರಿದು. ಚರ್ಮದ ಬೂಟು ಎರಡು ದಿನ ನೆನೆದು ಮೂರನೆಯ ದಿನ ಮೂಲೆಯಲ್ಲಿ ಕುಳಿತರೆ ಅದರ ಮೇಲೆ ಹಸಿರು ಬಿಳಿ ಬೂಷ್ಟು ಬೆಳೆಯುತ್ತದೆ. ರಬ್ಬರಿನ ಹವಾಯಿ ಚಪ್ಪಲಿ ಬೇಗ ಒಣಗುವುದೇನೋ ನಿಜ. ಆದರೆ ನಡೆದಂತೆಲ್ಲ ಹಿಮ್ಮಡಿಯಿಂದ ಕೆಸರನ್ನು ಬೆನ್ನಿನವರೆಗೆ ಹಾರಿಸುವುದಲ್ಲದೆ, ಪಾಚಿ ಕಟ್ಟಿದ ಕಲ್ಲಿನ ಮೇಲೆ ಜಾರಿ ಸೊಂಟಕ್ಕೆ ಕೇಡು ತರುತ್ತದೆ. ಕರಾವಳಿಯಲ್ಲಿ ಮೆಟ್ಟಿಲು, ಅಂಗಳ, ದೇವಸ್ಥಾನದ ಪ್ರಾಕಾರ ಎಲ್ಲವೂ ಜೂನ್ ತಿಂಗಳು ಕಳೆದರೆ ಪಾಚಿಯ ವಶ. ಹಿಮ್ಮಡಿಗೆ ಪಟ್ಟಿಯಿರುವ, ತಳದಲ್ಲಿ ಆಳವಾದ ಗೀರುಗಳುಳ್ಳ ಪ್ಲಾಸ್ಟಿಕ್ ಅಥವಾ ರಬ್ಬರಿನ ಸ್ಯಾಂಡಲ್ ಸರ್ವಶ್ರೇಷ್ಠ. ದಿನವೆಲ್ಲ ನೀರಿನಲ್ಲಿದ್ದ ಕಾಲ್ಬೆರಳ ಸಂದಿಗಳಲ್ಲಿ ಕೆಸರುಹುಣ್ಣು ಹುಟ್ಟುವುದುಂಟಾದ್ದರಿಂದ, ರಾತ್ರಿ ಪಾದಗಳನ್ನು ಚೆನ್ನಾಗಿ ತೊಳೆದು ಒರಸಿ ಕೊಬ್ಬರಿ ಎಣ್ಣೆ ಹಚ್ಚಿ ಮಲಗುವುದು ಅಲ್ಲಿಯವರ ರೂಢಿ. ತಿಪಟೂರು ಗುಬ್ಬಿಗಳ ಕಡೆಯವರಿಗೆ ಕೊಬ್ಬರಿ ಎಣ್ಣೆಯ ವಿಷಯದಲ್ಲಿ ಬೇರೆಯವರು ಉಪದೇಶ ಮಾಡಬೇಕಾಗಿಲ್ಲ. ಕಾಲಿನಲ್ಲಿ ಗಾಯವಿದ್ದವರು ಮಾತ್ರ ನಿಂತ ನೀರಿನಲ್ಲಿ ಬರಿಗಾಲಿನಲ್ಲಿ ನಡೆಯಲೇಬಾರದು. ಇಲಿಗಳ ಮೂತ್ರ ಸೇರಿದ ನೀರಿನಿಂದ ಹರಡುವ ಇಲಿಜ್ವರಕ್ಕೆ ಆ ಗಾಯವೇ ಬಾಗಿಲು. ನೀರು ಒಳಹೋಗದ ಪಟ್ಟಿಗಳನ್ನು ಒಂದು ಪೊಟ್ಟಣ ಇಟ್ಟುಕೊಂಡಿರಬೇಕು. ಮಂಗಳೂರು ಬಹುಕಾಲದಿಂದ ಮಲೇರಿಯಕ್ಕೆ ಹೆಸರಾದ ಊರು. ಸೊಳ್ಳೆ ಓಡಿಸುವ ಮುಲಾಮು, ಪೂರ್ಣ ತೋಳಿನ ಒಂದು ಸಡಿಲವಾದ ಅಂಗಿ ಇವು ಔಷಧದ ಡಬ್ಬಿಯಷ್ಟೇ ಮುಖ್ಯ. ಚಾರ್ಮಾಡಿಯ ಕಾಡಿನಲ್ಲಿ ಇಳಿದು ಜಲಪಾತ ನೋಡುವ ಹುಮ್ಮಸ್ಸುಳ್ಳವರು ಇಂಬಳಕ್ಕೆಂದು ಸ್ವಲ್ಪ ಉಪ್ಪನ್ನೋ ಸುಣ್ಣವನ್ನೋ ಜೇಬಿನಲ್ಲಿಟ್ಟುಕೊಂಡಿರಲಿ.

ಪೆಟ್ಟಿಗೆಯನ್ನು ಕಟ್ಟುವ ಕ್ರಮಕ್ಕೂ ಒಂದು ಪರಂಪರೆ ನಮ್ಮಲ್ಲಿಯೇ ಇದೆ. ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿ, ಗುಬ್ಬಿ ವೀರಣ್ಣನವರ ಕಾಲದಲ್ಲಿ ನಾಡಿನಲ್ಲೆಲ್ಲ ಸಂಚರಿಸಿದ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿ, 1934ರ ‘ಕುರುಕ್ಷೇತ್ರ’ದಲ್ಲಿ ಜೀವಂತವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದ ಸಂಸ್ಥೆ. ಬಣ್ಣದ ಪರದೆಗಳು, ಜರಿಯ ಪೋಷಾಕುಗಳು, ಕಿರೀಟಗಳು, ಹಾರ್ಮೋನಿಯಮ್ಮುಗಳು ಇವೆಲ್ಲವುಗಳೊಡನೆ ಊರಿಂದೂರಿಗೆ ಹೋಗುತ್ತಿದ್ದ ಅಂಥ ಕಂಪನಿಗೆ ತೇವವೇ ಪರಮ ಶತ್ರು. ಬಂಟ್ವಾಳದ ಬಳಿಯ ಮಂಚಿಯ ಬಾಲಕನೊಬ್ಬ ಮನೆಬಿಟ್ಟು ಘಟ್ಟ ಹತ್ತಿ ಬಂದು ಈ ಕಂಪನಿಯನ್ನು ಸೇರಿ ಮುಂದೆ ರಂಗನಿರ್ದೇಶಕ ಬಿ. ವಿ. ಕಾರಂತರೆಂದು ಪ್ರಸಿದ್ಧನಾದುದನ್ನು ಎಲ್ಲರೂ ಬಲ್ಲರು. ಮಳೆಯ ನಾಡಿನಿಂದ ಬಯಲಿನ ಕಡೆಗೆ ಬರುವ ಈ ವಿರುದ್ಧ ದಿಕ್ಕಿನ ಪ್ರಯಾಣಕ್ಕೆ ಅವರು ಏನನ್ನೂ ಗಂಟು ಕಟ್ಟಿರಲಾರರೆಂದು ನನ್ನ ಊಹೆ. ಅವರ ತವರಿನ ಯಕ್ಷಗಾನ ಮೇಳಗಳವರೂ ತೇವದಿಂದ ಸಾಮಾನನ್ನು ಕಾಪಾಡುವ ವಿದ್ಯೆಯಲ್ಲಿ ನಿಪುಣರೇ. ದೀಪಾವಳಿಯ ಆಸುಪಾಸಿನಲ್ಲಿ ಹೊರಟ ಮೇಳ ಮೇ ತಿಂಗಳ ಕೊನೆಯ ವಾರದಲ್ಲಿ ಬರುವ ಪತ್ತನಾಜೆಯ ದಿನ ಗೆಜ್ಜೆ ಬಿಚ್ಚಿ, ವೇಷಭೂಷಣಗಳನ್ನು ಪೆಟ್ಟಿಗೆಗೆ ಸೇರಿಸಿಬಿಡುತ್ತದೆ. ಮಳೆ ಬರುವುದಕ್ಕೆ ಮುಂಚೆ, ಒಣಗಿದ್ದಾಗಲೇ, ಮುಚ್ಚುವುದು ಅದರ ರಹಸ್ಯ. ತೇವವಿರುವ ಬಟ್ಟೆಯನ್ನು ಮಡಿಸಿ ಮುಚ್ಚಿದವನು ಬೂಷ್ಟಿಗೆ ಮನೆ ಕಟ್ಟಿಕೊಟ್ಟಂತೆ. ಆದುದರಿಂದ ತುಮಕೂರಿನವನು ಹೊರಡುವ ಹಿಂದಿನ ದಿನ ತನ್ನ ಬಟ್ಟೆಗಳನ್ನೂ ಬರಿದಾದ ಪೆಟ್ಟಿಗೆಯನ್ನೂ ಒಂದು ಹೊತ್ತು ಬಿಸಿಲಿಗೆ ಹಾಕಲಿ. ಅನಂತರ ಪ್ರತಿದಿನದ ಉಡುಪನ್ನು ಬೇರೆಬೇರೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ, ಬಸ್ಸಿನ ಹೊಟ್ಟೆಯೊಳಗೆ ನೀರು ನುಗ್ಗಿದರೂ ಒಂದು ದಿನದ ಬಟ್ಟೆ ಹೋದೀತೇ ಹೊರತು ಎಲ್ಲವೂ ಹೋಗುವುದಿಲ್ಲ. ಪ್ರಮಾಣಪತ್ರಗಳು, ಆಸ್ಪತ್ರೆಯ ಚೀಟಿಗಳು, ಹಣ, ಮೊಬೈಲು ಇವುಗಳಿಗೆ ಎರಡು ಪದರದ ರಕ್ಷಣೆ. ಕಾಲೇಜಿಗೆ ಸೇರಹೋಗುವ ಹುಡುಗರು ಅಂಕಪಟ್ಟಿಯ ಮೂಲಪ್ರತಿಯನ್ನು ಬರಿಯ ರಟ್ಟಿನ ಫೈಲಿನಲ್ಲಿ ಹಿಡಿದು ಮಳೆಯಲ್ಲಿ ಓಡುವುದನ್ನು ನೋಡಿದರೆ ಎದೆ ಝಲ್ಲೆನ್ನುತ್ತದೆ.

ಕರಾವಳಿಯ ಗೃಹಿಣಿ ಮಳೆಗಾಲಕ್ಕೆಂದು ಮಾಡುವ ಸಿದ್ಧತೆಯನ್ನು ನೋಡಿದವರಿಗೆ ನಮ್ಮ ಈ ಪೆಟ್ಟಿಗೆಯ ಯೋಚನೆ ಅತ್ಯಲ್ಪವೆಂದು ತೋರಬಹುದು. ಏಪ್ರಿಲು ಮೇ ತಿಂಗಳ ಬಿಸಿಲಿನಲ್ಲಿಯೇ ಹಲಸಿನ ಹಪ್ಪಳ, ಸಂಡಿಗೆ, ಮಾವಿನ ಉಪ್ಪಿನಕಾಯಿ, ಒಣಮೀನು, ಒಟ್ಟಿದ ಸೌದೆ, ಹುಣಿಸೆಹಣ್ಣು, ಉಪ್ಪು ಎಲ್ಲವೂ ಒಳಸೇರಬೇಕು. ಗಾಳಿ ಹೊಡೆಯುವ ಕಡೆಗೆ ತೆಂಗಿನ ಗರಿಯ ತಟ್ಟಿ ಕಟ್ಟಬೇಕು. ಹೆಂಚು ಸರಿಸಿ ಹೊದಿಸಬೇಕು. ಹೆಂಚಿನ ಪ್ರಸ್ತಾಪ ಬಂದುದರಿಂದ ಹೇಳುತ್ತೇನೆ: ಬಾಸೆಲ್ ಮಿಶನ್ನಿನವರು 19ನೆಯ ಶತಮಾನದ ಅರುವತ್ತರ ದಶಕದಲ್ಲಿ ನೇತ್ರಾವತಿಯ ಜೇಡಿಯಿಂದ ತಯಾರಿಸಲಾರಂಭಿಸಿದ ಮಂಗಳೂರು ಹೆಂಚು, ತುಮಕೂರು ಕುಣಿಗಲುಗಳ ಹಳೆಯ ಮನೆಗಳ ಮೇಲೂ ಬಂದು ಕುಳಿತಿದೆ. ಮಹಾವೃಷ್ಟಿಗೆಂದು ಮಾಡಿದ ಹೆಂಚು ನಮ್ಮ ಊರಿನಲ್ಲಿ ವರ್ಷದ ಬಹುಪಾಲು ಬಿಸಿಲು ಕಾಯುತ್ತ ಕಾಲಕಳೆಯುತ್ತದೆ.

ತಿನಿಸಿನ ಗಂಟನ್ನು ಕಟ್ಟುವಾಗಲೂ ಹವೆಯನ್ನು ಮರೆಯಬಾರದು. ಮನೆಯವರು ಅಕ್ಕರೆಯಿಂದ ಕರಿದು ಕೊಟ್ಟ ನಿಪ್ಪಟ್ಟು, ಕೋಡುಬಳೆ, ಚಕ್ಕುಲಿಗಳು ಬರಿಯ ಕಾಗದದ ಪೊಟ್ಟಣದಲ್ಲಿದ್ದರೆ ಮಂಗಳೂರು ಮುಟ್ಟಿದ ಮರುದಿನವೇ ಮೆತ್ತಗಾಗಿ ಹಲ್ಲಿಗೆ ಅಂಟುತ್ತವೆ. ಬಿಗಿಮುಚ್ಚಳದ ಸ್ಟೀಲ್ ಡಬ್ಬಿಯೇ ಅವುಗಳಿಗೆ ತಕ್ಕ ವಾಹನ. ಚಟ್ನಿಪುಡಿಯನ್ನು ಹಸಿ ಚಮಚದಿಂದ ಮುಟ್ಟಿದರೆ ನಾಲ್ಕು ದಿನದಲ್ಲಿ ಗಂಟುಕಟ್ಟುತ್ತದೆ. ಹಾಸ್ಟೆಲಿಗೆ ಹೋಗುವವನಿಗೆ ರಾಗಿಹಿಟ್ಟು ಕೊಟ್ಟು ಕಳಿಸುವವರು ಅದನ್ನು ಮೊದಲು ಸ್ವಲ್ಪ ಹುರಿದು ಕೊಡಲಿ. ಕುಚ್ಚಲಕ್ಕಿಯ ಅನ್ನಕ್ಕೆ ನಾಲಗೆ ಒಗ್ಗುವವರೆಗೆ ಅವನಿಗೆ ಅದು ಆಧಾರ. ದಾರಿಯ ಬುತ್ತಿಯನ್ನಂತೂ ಒಂದು ಹೊತ್ತಿಗೆ ಹೆಚ್ಚಾಗಿಯೇ ಕಟ್ಟಬೇಕು, ಏಕೆಂದರೆ ಮಳೆಗಾಲದ ಘಟ್ಟ ಯಾರ ಮಾತನ್ನೂ ಕೇಳುವುದಿಲ್ಲ. 2018ರ ಆಗಸ್ಟಿನಲ್ಲಿ ಗುಡ್ಡಗಳು ಕುಸಿದು ಶಿರಾಡಿಯ ರಸ್ತೆಯೂ ಸಕಲೇಶಪುರ ಸುಬ್ರಹ್ಮಣ್ಯಗಳ ನಡುವಿನ ರೈಲುಮಾರ್ಗವೂ ನಿಂತುಹೋದುವು. ಮರುವರ್ಷ ಆಗಸ್ಟಿನಲ್ಲಿ ಚಾರ್ಮಾಡಿಯ ಸರದಿ ಬಂತು. ಹಿಂದಿನ ಕಾಲದಲ್ಲಿ ಕರಾವಳಿಯ ಉಪ್ಪನ್ನು ಹೇರೆತ್ತುಗಳ ಮೇಲೆ ಮೇಲಕ್ಕೆ ತರುತ್ತಿದ್ದವರು ಮಳೆಗಾಲದಲ್ಲಿ ಘಟ್ಟದ ಗೊಡವೆಗೇ ಹೋಗುತ್ತಿರಲಿಲ್ಲ. ನಾವು ಹೋಗುತ್ತೇವಾದ್ದರಿಂದ ನಡುದಾರಿಯಲ್ಲಿ ಒಂದು ರಾತ್ರಿ ಕಳೆಯುವುದಕ್ಕೆ ಬೇಕಾದ ಚಪಾತಿ ಚಟ್ನಿಪುಡಿ, ಕುಡಿಯುವ ನೀರು, ಬ್ಯಾಟರಿ, ನಿತ್ಯದ ಔಷಧ ಇವು ಕೈಗೆಟುಕುವಂತಿರಬೇಕು. 2017ರಲ್ಲಿ ಬೆಂಗಳೂರು ಹಾಸನಗಳ ನೇರ ಮಾರ್ಗ ತೆರೆದ ಮೇಲೆ ಕುಣಿಗಲಿನವರಿಗೆ ರೈಲಿನ ಅನುಕೂಲವೂ ಒದಗಿದೆ. ಸಕಲೇಶಪುರ ದಾಟಿದ ಮೇಲೆ 55 ಕಿ.ಮೀ. ಅವಕಾಶದಲ್ಲಿ 57 ಸುರಂಗಗಳು. ಕಿಟಕಿಯ ಗಾಜನ್ನು ಎತ್ತಿ ಕುಳಿತವನು ಸುರಂಗದೊಳಗಿನ ಜಿನುಗುನೀರಿನಿಂದಲೇ ನೆನೆಯುತ್ತಾನೆಂಬುದನ್ನು ಮುಂಚಿತವಾಗಿ ತಿಳಿದಿರಲಿ.

ಸಮುದ್ರಸ್ನಾನಕ್ಕೆಂದು ಬಟ್ಟೆ ಒಯ್ಯುವುದು ವ್ಯರ್ಥ. ಅಷ್ಟೇ ಅಲ್ಲ, ಅಪಾಯ. ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ದೋಣಿಗಳಿಗೇ ಕಡಲು ನಿಷಿದ್ಧ. ಮೀನುಗಾರರೇ ದಡದಲ್ಲಿ ಬಲೆ ಹೆಣೆಯುತ್ತ ಕುಳಿತಿರುವಾಗ ಕೆರೆಯಲ್ಲಿ ಈಜು ಕಲಿತ ನಮ್ಮವರು ಪಣಂಬೂರಿನಲ್ಲಿಯೋ ಸೋಮೇಶ್ವರದಲ್ಲಿಯೋ ಅಲೆಗೆ ಮೈಯೊಡ್ಡುವುದು ಸಾಹಸವೆನಿಸುವುದಿಲ್ಲ. ತಾಜಾ ಬಂಗುಡೆ ಅಂಜಲ ಮೀನುಗಳನ್ನು ತಿನ್ನುವ ಆಸೆಯಿಂದ ಹೋಗುವವರೂ ಅದನ್ನು ಆಗಸ್ಟಿಗೆ ಮುಂದೂಡಬೇಕು. ಅದರ ಬದಲಿಗೆ ಆಟಿಯ ಅಡುಗೆಗಳುಂಟು: ಕೆಸುವಿನೆಲೆಯ ಪತ್ರೊಡೆ, ಹಲಸಿನ ಬೀಜದ ಪಲ್ಯ, ತಜಂಕಿನ ಸೊಪ್ಪಿನ ಅಂಬಡೆ. ಮಳೆ ಹೆಚ್ಚಿದಷ್ಟೂ ಇವುಗಳ ರುಚಿ ಹೆಚ್ಚುತ್ತದೆಂಬುದರಲ್ಲಿ ನನಗೆ ಸಂದೇಹವಿಲ್ಲ.

ಹಿಂದಿರುಗುವಾಗಿನ ಗಂಟು ಹೋಗುವಾಗಿನ ಗಂಟಿಗಿಂತ ಕಠಿಣವಾದದ್ದು. ಆದರೂ ಅದರ ಕಡೆಗೆ ಯಾರೂ ಗಮನ ಕೊಡುವುದಿಲ್ಲ. ಅರೆ ಒಣಗಿದ ಬಟ್ಟೆಗಳನ್ನು ಪ್ಲಾಸ್ಟಿಕ್ಕಿನಲ್ಲಿ ಬಿಗಿದು ಎಂಟು ಗಂಟೆಗಳ ಪ್ರಯಾಣ ಮಾಡಿದರೆ ಮನೆಯಲ್ಲಿ ಪೆಟ್ಟಿಗೆ ತೆರೆದವರು ಮೂಗು ಮುಚ್ಚಿಕೊಳ್ಳುತ್ತಾರೆ. ಒದ್ದೆಯವುಗಳಿಗೆಂದು ಒಂದು ಹತ್ತಿಯ ಚೀಲವನ್ನೋ ಹಳೆಯ ದಿಂಬಿನ ಗವಸನ್ನೋ ಬೇರೆಯಾಗಿ ಒಯ್ದಿದ್ದು, ಅದನ್ನು ಪೆಟ್ಟಿಗೆಯೊಳಕ್ಕೆ ಸೇರಿಸದೆ ಮೇಲೆ ಕಟ್ಟಿಕೊಂಡು ಬರಬೇಕು. ಸಂಬಂಧಿಕರಿಗೆಂದು ಕೊಂಡ ಹಲಸಿನ ಹಪ್ಪಳ, ಗೋಡಂಬಿಗಳನ್ನು ಆ ಚೀಲದ ಹತ್ತಿರವೂ ಇಡಬಾರದು. ಊರು ಮುಟ್ಟಿದೊಡನೆ, ಎಷ್ಟೇ ಆಯಾಸವಾಗಿದ್ದರೂ, ಎಲ್ಲವನ್ನೂ ಹೊರಕ್ಕೆ ಸುರಿದು ಪೆಟ್ಟಿಗೆಯನ್ನು ಬೋರಲು ಹಾಕಿ, ಬೆಳಗಾದ ಮೇಲೆ ಬಿಸಿಲಿಗಿಡತಕ್ಕದ್ದು. ಹಪ್ಪಳವನ್ನೂ ಅದರ ಪಕ್ಕದಲ್ಲಿಯೇ ಒಂದು ಗಳಿಗೆ ಹರಡಿದರೆ ಕರಿಯುವಾಗ ಚೆನ್ನಾಗಿ ಅರಳುತ್ತದೆ. ಕೊಡೆಯನ್ನು ಬಿಚ್ಚಿ ನೆರಳಿನಲ್ಲಿ ಒಣಗಿಸಿ, ಕಡ್ಡಿಗಳ ಕೀಲಿಗೆ ಒಂದೊಂದು ತೊಟ್ಟು ಎಣ್ಣೆ ಬಿಡದಿದ್ದರೆ ಮಂಗಳೂರಿನ ಉಪ್ಪುಗಾಳಿ ಅಲ್ಲಿ ಬಿಟ್ಟುಹೋದ ತುಕ್ಕು ಗೌರಿಹಬ್ಬದ ಹೊತ್ತಿಗೆ ಅದನ್ನು ತೆರೆಯಲಾಗದಂತೆ ಮಾಡಿರುತ್ತದೆ. ಮತ್ತು ತುಮಕೂರಿಗೆ ಕೊಡೆ ಬೇಕಾಗುವುದು ಆಗಲೇ.